ಹಿಂದಕ್ಕೆ ಕಟ್ಟಿದ ಗೋಡೆ

ಏಳನೆಯ ಕಂತು

ಚೆಂಡು ಬಾನೆಟ್ಟಿನ ಮೇಲಿಂದ ಉರುಳಿ ಬಂದು ಮುಂದಿನ ಎಡಚಕ್ರದ ಮಡ್‌ಗಾರ್ಡನ್ನು ಹಿಡಿದಿದ್ದ ಬೋಲ್ಟಿಗೆ ತಾಗಿ ನಿಂತಿತು.

ಕಿತ್ತಳೆಗಿಂತ ತುಸು ದೊಡ್ಡದಾದ, ಕೋಲಿನ ತುದಿಗೆ ಸಿಕ್ಕಿಸಿದ ಆ ಚೆಂಡು ನಮ್ಮ ಕಸುಬಿನ ಆಯುಧ. ಮನೆಯಲ್ಲಿ ಕಟ್ಟಿದ ಕಾರು ನಂಬರು ಪಡೆದು ರಸ್ತೆಗೆ ಇಳಿಯುವ ಮೊದಲು ಪರೀಕ್ಷಕರಾದ ನಾವು ಇದನ್ನು ಅದರ ಮೈತುಂಬ ಉರುಳಿಸಿ ನೋಡುತ್ತೇವೆ. ಚೆಂಡು ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಅಂಚು ಮೊಂಡಾಗಿರಬೇಕು. ದಾರಿಹೋಕನಿಗೆ ತಗುಲಿದರೆ ಕೊಯ್ಯಬಾರದು.

ಬೋಲ್ಟಿನ ಮೇಲೆ ರಬ್ಬರಿನ ಟೋಪಿ ಇತ್ತು. ಭದ್ರವಾಗಿದೆಯೇ ಎಂದು ತಿರುಗಿಸಿದೆ. ಟೋಪಿ ನನ್ನ ಬೆರಳುಗಳಲ್ಲಿ ಉಳಿಯಿತು.

ಅದರಡಿ ಅಂಟು ಬೆಳ್ಳಗೆ, ಇನ್ನೂ ಮೆತ್ತಗಿತ್ತು. ನಿನ್ನೆಯೋ ಮೊನ್ನೆಯೋ ಹಚ್ಚಿದ್ದು. ಆದರೆ ಅದರ ಸುತ್ತ ಇನ್ನೊಂದು ಉಂಗುರವಿತ್ತು. ಹಳದಿಗಟ್ಟಿದ, ಗಾಜಿನಂತೆ ಒಣಗಿದ ಹಳೆಯ ಅಂಟು. ಅದರೊಳಗೆ ಕರಿಯ ಧೂಳು, ಡಾಂಬರಿನ ಚುಕ್ಕೆಗಳು ಹೂತುಕೊಂಡಿದ್ದವು.

ಅರ್ಜಿಯ ಪ್ರಕಾರ ಈ ಕಾರು ಇನ್ನೂ ಡಾಂಬರನ್ನೇ ಕಂಡಿಲ್ಲ.

"ಏನಾದ್ರೂ ತೊಂದ್ರೆನಾ?" ಅರ್ಜಿದಾರರು ದಾಟಬಾರದ ಹಳದಿ ಗೆರೆಯ ಆಚೆಯಿಂದ ಡೆಸ್ಮಂಡ್ ಬೆಬ್ ಕೇಳಿದ. ಹಾಲಿನ ಟ್ಯಾಂಕರ್ ಓಡಿಸುವ ದೊಡ್ಡ ಆಳು. ಹೆಣೆದ ಟೋಪಿ, ಕಂಕುಳಲ್ಲಿ ಚಹಾದ ಫ್ಲಾಸ್ಕು. ಈ ಹಸಿರು ಕಾರನ್ನು ಮೂರು ವರ್ಷ ಕೂತು ತಾನೇ ಕಟ್ಟಿದ್ದೇನೆ ಎಂದು ಸಹಿ ಹಾಕಿದವನು.

"ಟೋಪಿ ಸಡ್ಲ ಆಗಿದೆ," ಎಂದೆ.

"ಅಯ್ಯೋ, ಅದಕ್ಕೇನಂತೆ. ಅಂಟು ಜೇಬಲ್ಲೇ ಇದೆ. ಹಚ್ಲಾ?"

"ಆಮೇಲೆ ಹಚ್ಚೋಣ. ಅಲ್ಲೇ ನಿಂತಿರಿ."

ರಬ್ಬರಿನ ಟೋಪಿಗಳನ್ನು ಕಂಡರೆ ಕಾರು ಕಟ್ಟುವವರಿಗೆ ಆಗುವುದಿಲ್ಲ. ತಿಂಗಳುಗಟ್ಟಲೆ ಉಜ್ಜಿ ಹೊಳಪು ತಂದ ಬೋಲ್ಟಿಗೆ ಮಗುವಿನ ಬಾಟಲಿಯ ನಿಪ್ಪಲ್ಲಿನಂಥದ್ದನ್ನು ಯಾರು ತೊಡಿಸಿಯಾರು? ಪರೀಕ್ಷೆಯ ದಿನಕ್ಕೆಂದು ಅಂಟಿಸುತ್ತಾರೆ, ಪಾಸಾದ ಸಂಜೆಯೇ ಕಿತ್ತೆಸೆಯುತ್ತಾರೆ. ಅದು ನಮಗೆ ಗೊತ್ತು. ನಮಗೆ ಗೊತ್ತಿರುವುದು ಅವರಿಗೂ ಗೊತ್ತು. ಯಾರೂ ಮಾತಾಡುವುದಿಲ್ಲ.

ಹಾಗಾಗಿ ಕಿತ್ತ ಟೋಪಿಯ ಗುರುತು ಇರುವುದು ಒಂದೇ ಬಗೆಯ ಕಾರಿನ ಮೇಲೆ. ಒಮ್ಮೆ ಆಗಲೇ ಪಾಸಾದ ಕಾರಿನ ಮೇಲೆ.

ಇನ್ನೂ ಆರು ಟೋಪಿಗಳನ್ನು ತಿರುಗಿಸಿದೆ. ಆರರಡಿಯಲ್ಲೂ ಹಳದಿ ಉಂಗುರ.

*

ಆರು ವರ್ಷದ ಹಿಂದೆ ಅಕ್ಟೋಬರಿನ ಒಂದು ಭಾನುವಾರ ಕ್ಲೈವ್ ಪ್ರೀಸ್ ತಾನೇ ಕಟ್ಟಿದ ಕೆಂಪು ಕಾರಿನೊಂದಿಗೆ ಕಾಣೆಯಾಗಿದ್ದ. ಅಂದಿನಿಂದ ಅವನ ಅಕ್ಕ ಹೆಸ್ಟರ್ ಅವನೂ ಕಾರೂ ಇರುವ ಫೋಟೋ ಹಿಡಿದು ಶ್ರಾಪ್‌ಶೈರ್ ಜಿಲ್ಲೆಯ ಗ್ಯಾರೇಜು, ಗುಜರಿ, ಪರೀಕ್ಷಾ ಶೆಡ್ಡುಗಳನ್ನೆಲ್ಲ ಸುತ್ತುತ್ತಿದ್ದಳು.

ಹೋದ ವಾರ ನನ್ನ ಮೇಜಿನ ಮೇಲೂ ಒಂದು ಫೋಟೋ ಇಟ್ಟು ಹೋಗಿದ್ದಳು. "ಇಂಥ ಕಾರು ಯಾವತ್ತಾದ್ರೂ ಬಂದ್ರೆ ಮೊದ್ಲು ನಂಗೆ ಹೇಳಿ, ಮಿಸ್ಟರ್ ಬೆಡೋಸ್. ಪೊಲೀಸ್ರಿಗಿಂತ ಮೊದ್ಲು."

ಆಕೆಗೆ ಹೇಳದೇ ಉಳಿಸಿಕೊಂಡ ಮಾತೊಂದು ನನ್ನಲ್ಲಿತ್ತು.

ಕ್ಲೈವನ ಕಾರನ್ನು ಪಾಸು ಮಾಡಿದವನು ನಾನೇ. ಸ್ಟೀರಿಂಗ್ ತಿರುಗಿಸಿ ಕೈಬಿಟ್ಟರೆ ಚಕ್ರಗಳು ತಾವಾಗಿಯೇ ನೆಟ್ಟಗಾಗಬೇಕು ಎಂಬುದು ನಿಯಮ. ಹಗುರ ಕಾರುಗಳಲ್ಲಿ ಅದು ಸುಲಭವಲ್ಲ. ಮುಂದಿನ ಟೈರುಗಳಿಗೆ ಗಾಳಿ ವಿಪರೀತ ತುಂಬಿಸಿದರೆ ಒಂದು ಗಂಟೆಯ ಮಟ್ಟಿಗೆ ಆದಂತೆ ತೋರುತ್ತದೆ. ಆ ಬೆಳಿಗ್ಗೆ ಕ್ಲೈವ್ ಗೇಟಿನ ಹೊರಗೆ ಕಾಲಿನ ಪಂಪಿನಿಂದ ಗಾಳಿ ತುಂಬುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಚಹಾದ ಲೋಟ ಎತ್ತಿ ತೋರಿಸಿ, ಕಿಟಕಿಯಿಂದ ಸರಿದೆ. ಹನ್ನೊಂದು ಗಂಟೆಗೆ ಸಹಿ ಹಾಕಿದೆ.

ನಾಲ್ಕು ತಿಂಗಳ ನಂತರ ಅವನು ಕಾಣೆಯಾದ. ಅಂದಿನಿಂದ ಬೇಸಿಗೆಯಲ್ಲಿ, ರಸ್ತೆಯ ತಿರುವಿನ ಕೆಳಗಿರುವ ಹಳೆಯ ಕಲ್ಲುಗಣಿಯ ಹೊಂಡದಲ್ಲಿ ನೀರು ಇಳಿದಾಗಲೆಲ್ಲ ನಾನು ಹೋಗಿ ಅಂಚಿನಲ್ಲಿ ನಿಂತು ಬರುತ್ತೇನೆ. ಚಕ್ರ ನೆಟ್ಟಗಾಗದೆ ಕಾರು ಅದರೊಳಗೆ ಉರುಳಿತೇನೋ, ಕೆಳಗೆ ಕೆಂಪಗೆ ಏನಾದರೂ ಕಾಣುತ್ತದೆಯೇ ಎಂದು. ಹೆಂಡತಿಗೆ ನಡೆಯಲು ಹೋಗುತ್ತೇನೆ ಎಂದು ಹೇಳುತ್ತೇನೆ. ಅವಳು ಯಾವತ್ತೂ ಜೊತೆಗೆ ಬರುತ್ತೇನೆ ಎಂದಿಲ್ಲ.

ಈಗ ಆ ಕಾರು, ಹೆಸ್ಟರಳ ಫೋಟೋದ ಅದೇ ಆಕಾರ, ಹೊಸದೆಂಬ ವೇಷದಲ್ಲಿ ನನ್ನ ನೆಲದ ಮೇಲೆ ನಿಂತಿತ್ತು. ಮೈಯಲ್ಲಿ ಒಂದು ತಗ್ಗೂ ಇರಲಿಲ್ಲ.

ಅಥವಾ ಇದು ಬೇರೆ ಕಾರಿರಬಹುದು. ಒಂದೇ ನಕ್ಷೆ ನೋಡಿಕೊಂಡು, ಉಕ್ಕಿನ ಕೊಳವೆಗಳನ್ನು ತಾವೇ ಬೆಸೆದು, ಇಂಥ ಎರಡು ಸೀಟಿನ ಕಾರನ್ನು ಈ ದೇಶದಲ್ಲಿ ಸಾವಿರಾರು ಜನ ಕಟ್ಟಿದ್ದಾರೆ. ಚೌಕಟ್ಟಿನ ನಂಬರು ಹೊಸದು. ಬಣ್ಣ ಹಸಿರು.

ಕಾರನ್ನು ಅಂಗಳಕ್ಕೆ ಒಯ್ದು ಎಡಕ್ಕೆ ಪೂರ್ತಿ ತಿರುಗಿಸಿ ಕೈಬಿಟ್ಟೆ. ಸ್ಟೀರಿಂಗ್ ನಿಧಾನವಾಗಿ, ನಿದ್ದೆಯಿಂದ ಎದ್ದವರಂತೆ, ನೆಟ್ಟಗೆ ಬಂದು ನಿಂತಿತು. ಕಾರನ್ನು ಮತ್ತೆ ಶೆಡ್ಡಿನೊಳಗೆ ತಂದು ಟೈರಿನ ಗಾಳಿ ಅಳೆದೆ. ಎಷ್ಟಿರಬೇಕೋ ಅಷ್ಟೇ ಇತ್ತು.

ಯಾರೋ ಆ ದೋಷವನ್ನು ತಿದ್ದಿದ್ದರು. ಬೇಸರವಿಲ್ಲದೆ, ತಿಳಿದು ತಿದ್ದಿದ್ದರು.

*

"ಬನ್ನು ತಣ್ಣಗಾಗ್ತಿದೆ ಕಣಯ್ಯಾ," ಎಂದಳು ನೆರಿಸ್. ಆಫೀಸಿನ ಕಾಗದಪತ್ರ, ಕೆಟಲ್ಲು, ನನ್ನ ಊಟ ಮೂರನ್ನೂ ನೋಡಿಕೊಳ್ಳುವವಳು. "ಬೇಕನ್ ಹಾಕ್ಸಿದೀನಿ. ಮುಖ ಯಾಕೆ ಹಂಗಿದೆ? ಯಾರಾದ್ರೂ ಸತ್ರಾ?"

"ಗೊತ್ತಿಲ್ಲ."

"ಅದೂ ಒಂದು ಉತ್ರಾನಾ?"

ಬೆಬ್ ಕೊಟ್ಟಿದ್ದ ಫೈಲನ್ನು ಬಿಚ್ಚಿದೆ. ಕಾರನ್ನು ಸ್ವಂತ ಕೈಯಿಂದಲೇ ಕಟ್ಟಿದ್ದೇನೆಂದು ತೋರಿಸಲು ಪ್ರತಿ ಹಂತದ ಫೋಟೋ ಕೊಡಬೇಕು, ಅವುಗಳಲ್ಲಿ ಕಟ್ಟಿದವನೂ ಕಾಣಬೇಕು. ನಲವತ್ಮೂರು ಫೋಟೋಗಳು, ನೀಟಾಗಿ ಅಂಟಿಸಿ ನಂಬರು ಹಾಕಿದ್ದವು. ಒಂದನೆಯದರಲ್ಲಿ ಬರಿಯ ಚೌಕಟ್ಟು, ಪಕ್ಕದಲ್ಲಿ ಸ್ಪ್ಯಾನರ್ ಹಿಡಿದ ಬೆಬ್. ಹತ್ತರಲ್ಲಿ ಆ್ಯಕ್ಸಲ್ಲು, ಇಪ್ಪತ್ತರಲ್ಲಿ ಇಂಜಿನ್ನು. ನಲವತ್ಮೂರರಲ್ಲಿ ಪೂರ್ತಿ ಕಾರು. ಆಗಿನ್ನೂ ಬಣ್ಣವಿಲ್ಲ, ಬರೀ ಲೋಹದ ಬೂದು.

ಎರಡು ಸಲ ನೋಡಿದೆ. ಎಲ್ಲವೂ ಸರಿಯಾಗಿತ್ತು. ನಾನು ಇತಿಹಾಸ ಓದಿ ಪದವಿ ಪಡೆದವನು. ಕಾಗದಗಳು ತಾವು ಹೇಳುವುದಕ್ಕಿಂತ, ಯಾವ ಕ್ರಮದಲ್ಲಿ ಕೂತಿವೆ ಎಂಬುದರಿಂದ ಹೆಚ್ಚು ಬಾಯಿಬಿಡುತ್ತವೆ ಎನ್ನುವುದೊಂದೇ ಅಲ್ಲಿಂದ ಉಳಿದದ್ದು. ಆದರೂ ಕಂಡದ್ದು ನೆರಿಸ್‌ಗೆ.

ಅವಳು ಭುಜದ ಮೇಲಿಂದ ಬಗ್ಗಿ ಪುಟ ಮಗುಚಿದಳು. "ಪಾಪ, ಪಕ್ಕದ್ಮನೆಯವ್ರು ಅಷ್ಟು ಚೆಂದದ ಅಡುಗೆಮನೆ ಕೆಡವ್ಬಿಟ್ರಲ್ಲ."

"ಯಾವ ಅಡುಗೆಮನೆ?"

"ಕಿಟಕೀಲಿ ನೋಡು. ನಿಂಗೆ ಕಾರು ಬಿಟ್ರೆ ಬೇರೇನೂ ಕಾಣಲ್ಲ."

ಪ್ರತಿ ಫೋಟೋದಲ್ಲೂ ಬೆಬ್‌ನ ಹಿಂದೆ ಶೆಡ್ಡಿನ ಕಿಟಕಿ ಇತ್ತು. ಕಿಟಕಿಯಾಚೆ ಪಕ್ಕದ ಮನೆಯ ಹಿತ್ತಿಲು. ಒಂದನೆಯ ಫೋಟೋದಲ್ಲಿ ಅಲ್ಲಿ ಹೊಸ ಕೋಣೆಯೊಂದು ನಿಂತಿತ್ತು. ಹೆಂಚು, ಬಿಳಿ ಕಿಟಕಿ, ಕಿಟಕಿಯ ಮೇಲೊಂದು ಹೂಕುಂಡ. ಹನ್ನೆರಡರಲ್ಲಿ ಹೆಂಚುಗಳಿಲ್ಲ, ಬರಿಯ ತೊಲೆಗಳು. ಇಪ್ಪತ್ತಾರರಲ್ಲಿ ಗೋಡೆ ಸೊಂಟದೆತ್ತರ.

"ಕೆಡವೋವಾಗ ಇಟ್ಟಿಗೆ ಹಿಂಗಿರತ್ತಾ?" ನಾನು ಬೆರಳಿಟ್ಟೆ. ಗೋಡೆಯ ಪಕ್ಕ ಇಟ್ಟಿಗೆಗಳು ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನಲ್ಲೇ ಸುತ್ತಿಕೊಂಡಿದ್ದವು.

ನೆರಿಸ್ ಕನ್ನಡಕ ಇಳಿಸಿದಳು. ಕೊನೆಯ ಫೋಟೋಗೆ ಹೋದೆವು. ಪೂರ್ತಿಯಾದ ಕಾರು, ನಗುತ್ತಿರುವ ಬೆಬ್. ಕಿಟಕಿಯಾಚೆ ಬರಿಯ ಹುಲ್ಲು, ಹುಲ್ಲಿನಲ್ಲಿ ನಾಲ್ಕು ಗೂಟ, ಗೂಟಗಳ ನಡುವೆ ಬಿಗಿದ ದಾರ.

ಕೆಡವಿದ ಮೇಲೆ ಯಾರೂ ದಾರ ಕಟ್ಟುವುದಿಲ್ಲ.

"ಅಂದ್ರೆ..." ಎಂದಳು ನೆರಿಸ್.

ಫೈಲನ್ನು ಹಿಂದಿನಿಂದ ಮುಂದಕ್ಕೆ ಮಗುಚಿದೆ. ಪಕ್ಕದ ಮನೆಯ ಕೋಣೆ ಪಾಯದಿಂದ ಎದ್ದು ನಿಂತಿತು. ಬೆಬ್‌ನ ಕಾರು ತುಂಡು ತುಂಡಾಗಿ ಕಳಚುತ್ತ ಬರಿಯ ಚೌಕಟ್ಟಾಯಿತು.

ಅವನು ಕಾರು ಕಟ್ಟುತ್ತ ಫೋಟೋ ತೆಗೆಸಿರಲಿಲ್ಲ. ಇದ್ದ ಕಾರಿನ ಬಣ್ಣ ಕೆರೆದು, ಅದನ್ನು ಬಿಚ್ಚುತ್ತ ತೆಗೆಸಿದ್ದ. ನಂಬರುಗಳನ್ನು ತಿರುಗುಮುರುಗು ಮಾಡಿ ಅಂಟಿಸಿದ್ದ. ಕಾರಿನ ಮೇಲೆ ಕಣ್ಣಿಟ್ಟು ಬದುಕುವವರು ಮಾತ್ರ ಮಾಡುವಂಥ ತಪ್ಪು. ಕಿಟಕಿಯಾಚೆ ಜಗತ್ತಿದೆ ಎಂಬುದನ್ನೇ ಮರೆತಿದ್ದ.

"ಪೊಲೀಸ್ರಿಗೆ ಫೋನ್ ಮಾಡು," ಎಂದಳು ನೆರಿಸ್. ತಮಾಷೆ ಅವಳ ದನಿಯಿಂದ ಹೊರಟುಹೋಗಿತ್ತು.

ಮಾಡಿದೆ. ಠಾಣೆಯ ಹುಡುಗಿ ಸೌಜನ್ಯದಿಂದ ಕೇಳಿಸಿಕೊಂಡಳು. ಅಂಟಿನ ಉಂಗುರ, ಪಕ್ಕದವರ ಅಡುಗೆಮನೆ ಎರಡನ್ನೂ ಬರೆದುಕೊಂಡಳು. "ಅದು ಕ್ಲೈವ್ ಪ್ರೀಸ್ ಅವ್ರದ್ದೇ ಕಾರು ಅಂತ ಮನೆಯವ್ರು ಯಾರಾದ್ರೂ ಗುರುತು ಹಿಡಿದ್ರೆ ತಕ್ಷಣ ಬರ್ತೀವಿ ಸರ್. ಸುಮ್ನೆ ಅನುಮಾನದ ಮೇಲೆ ಆಗಲ್ಲ."

ಗಡಿಯಾರ ನೋಡಿದೆ. ಹನ್ನೊಂದೂಕಾಲು. ಪರೀಕ್ಷೆ ಒಂದು ಗಂಟೆಗೆ ಮುಗಿಯಬೇಕು. ಫೇಲು ಮಾಡಿದರೆ ಬೆಬ್ ಕಾರನ್ನು ಟ್ರೈಲರಿಗೆ ಏರಿಸಿಕೊಂಡು ಹೋಗುತ್ತಾನೆ. ತಡೆಯುವ ಅಧಿಕಾರ ನನಗಿಲ್ಲ. ಸಂಜೆಯೊಳಗೆ ಅದು ಚೂರಾಗಬಹುದು. ಪಾಸು ಮಾಡಿದರೆ ಹೊಸ ಕಾಗದ, ಹೊಸ ನಂಬರು. ಕ್ಲೈವ್ ಪ್ರೀಸನ ಕಾರು ಅಲ್ಲಿಗೆ ಇಲ್ಲವಾಗುತ್ತದೆ, ಎರಡನೆಯ ಸಲ, ನನ್ನದೇ ಸಹಿಯಿಂದ.

ಹೆಸ್ಟರಳ ನಂಬರು ಒತ್ತಿದೆ. ಮೊದಲ ರಿಂಗಿಗೇ ಎತ್ತಿದಳು.

"ಒಂದು ಕಾರು ಬಂದಿದೆ," ಎಂದೆ.

"ಹೊರಟೆ," ಎಂದಳು. ಯಾರ ಕಾರು, ಯಾರು ತಂದರು ಎಂದು ಕೇಳಲಿಲ್ಲ.

*

ಬೆಬ್ ಕರ್ಚೀಫಿನಿಂದ ಹೆಡ್‌ಲೈಟು ಒರೆಸುತ್ತಿದ್ದ.

"ಮಿಸ್ಟರ್ ಬೆಬ್, ಪಕ್ಕದ್ಮನೆಯವ್ರ ಅಡುಗೆಮನೆ ಚೆನ್ನಾಗಿ ಬಂತಾ?"

"ಯಾರ್ದು, ಜುಕ್ಸ್ ಮನೇದಾ? ಹೂಂ. ಹೋದ ಕ್ರಿಸ್ಮಸ್‌ಗೆ ಮುಗೀತು. ಧೂಳು ತಿಂದು ಸಾಕಾಯ್ತು ಮಾರಾಯ್ರೆ." ಒರೆಸುತ್ತಲೇ ಇದ್ದ. "ನಿಮ್ಗೆ ಅವ್ರ ಪರಿಚಯನಾ?"

"ಇಲ್ಲ. ಹಾಗಾದ್ರೆ ನೀವು ಕಾರು ಕಟ್ಟೋಕೆ ಶುರು ಮಾಡಿದ್ದು ಹೋದ ಕ್ರಿಸ್ಮಸ್ ಆದ್ಮೇಲೆ."

"ಇಲ್ಲಪ್ಪ. ಮೂರು ವರ್ಷದ ಕೆಲ್ಸ ಇದು. ಫಾರಮ್ಮಲ್ಲಿ ಬರ್ದಿದೀನಲ್ಲ."

ಫೈಲನ್ನು ಬಾನೆಟ್ಟಿನ ಮೇಲೆ ಬಿಚ್ಚಿಟ್ಟೆ. ಮೊದಲ ಫೋಟೋ, ಕೊನೆಯ ಫೋಟೋ. ಒಂದರಲ್ಲಿ ಹೂಕುಂಡದ ಮೇಲೆ ಬೆರಳಿಟ್ಟೆ. ಇನ್ನೊಂದರಲ್ಲಿ ದಾರದ ಮೇಲೆ.

ಕರ್ಚೀಫು ನಿಂತಿತು.

ತಗಡಿನ ಶೆಡ್ಡು ನಮ್ಮದು. ಗಾಳಿಗೆ ಚಾವಣಿ ಟಕ್ ಟಕ್ ಎನ್ನುತ್ತದೆ. ಎದುರಿನವರು ತಾವಾಗಿಯೇ ಬಾಯಿಬಿಡುವವರೆಗೆ ಸುಮ್ಮನಿರುವುದು ನನಗೆ ಕಷ್ಟವಲ್ಲ. ಮಾತೇ ಕಷ್ಟ.

"ನಲವತ್ಮೂರು ಸಲ ನೋಡಿದೀನಿ ಇವನ್ನ," ಬೆಬ್ ಕೊನೆಗೆ ಹೇಳಿದ. "ಒಂದ್ಸಲಾನೂ ಕಿಟಕಿ ನೋಡ್ಲಿಲ್ಲ."

"ನಾನೂ ನೋಡಿರ್ಲಿಲ್ಲ. ಆಫೀಸಿನಾಕೆ ನೋಡಿದ್ಳು."

"ಹೆಂಗಸ್ರಿಗೆ ಅಡುಗೆಮನೇನೇ ಕಾಣತ್ತೆ," ಎಂದು ನಗಲು ನೋಡಿದ. ಆಗಲಿಲ್ಲ.

"ಕಾರು ಕ್ಲೈವ್ ಪ್ರೀಸಂದು."

"ಬಿಚ್ಚಿದ್ದು ಹೌದು. ಮತ್ತೆ ಕಟ್ಟಿದ್ದೂ ನಾನೇ. ಒಂದೊಂದು ನಟ್ಟೂ. ಅದು ಸುಳ್ಳಲ್ಲ."

"ಕ್ಲೈವ್ ಎಲ್ಲಿ?"

ಅವನು ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. "ಎಲ್ಲಾ ಕೇಳ್ತೀರಿ, ಒಂದು ಕೇಳಲ್ಲ ನೀವು. ಪ್ರತಿ ಫೋಟೋದಲ್ಲೂ ನಾನಿದೀನಿ. ಕೈಯಲ್ಲಿ ಸ್ಪ್ಯಾನರ್ ಹಿಡ್ಕೊಂಡು, ಹಲ್ಲು ಕಿರ್ಕೊಂಡು. ತೆಗೆದೋರು ಯಾರು?"

ನಾನು ಫೋಟೋ ನೋಡಿದೆ. ಬೆಬ್ ಕ್ಯಾಮೆರಾ ನೋಡುತ್ತಿರಲಿಲ್ಲ. ಕ್ಯಾಮೆರಾದ ಹಿಂದಿದ್ದವರನ್ನು ನೋಡಿ ನಗುತ್ತಿದ್ದ. ಗೆಳೆಯನನ್ನು ನೋಡಿ ನಗುವ ನಗು.

"ಅವ್ನೇ ತೆಗ್ದಿದ್ದು," ಎಂದ. "ಹೋದ ವರ್ಷ ಪೂರ್ತಿ. ನಮ್ಮನೆ ಹಿಂದಿನ ರೂಮಲ್ಲಿದ್ದ. ಕಾರು ಮತ್ತೆ ಬಿಸಿಲು ನೋಡ್ಬೇಕು ಡೆಸ್, ಅಂತಿದ್ದ. ಹಳೇ ನಂಬರಲ್ಲಿ ಓಡಿಸೋ ಹಂಗಿಲ್ಲ, ಎಲ್ಲಾ ಕಡೆ ಹುಡುಕ್ತಾರೆ. ಅದಕ್ಕೇ ಹೊಸ್ದಾಗಿ ಹುಟ್ಟಿಸ್ಬೇಕಾಯ್ತು."

"ಸ್ಟೀರಿಂಗ್ ಸರಿ ಮಾಡಿದ್ದು?"

"ಅವ್ನೇ. ಮೊದಲನೇ ಸಲ ಒಬ್ಬ ಒಳ್ಳೇ ಮನುಷ್ಯ ಕಣ್ಮುಚ್ಕೊಂಡು ಬಿಟ್ಬಿಟ್ಟ, ಈ ಸಲ ಯಾರಿಗೂ ಆ ಪಾಪ ಬೇಡ ಅಂದ."

ನಾನು ಕಾರಿನ ಬಾಗಿಲಿನಂಚಿನ ಮೇಲೆ ಕೂತೆ.

ಆರು ವರ್ಷ. ಕಲ್ಲುಗಣಿಯ ಆ ಹಸಿರು ನೀರು. ಅದರಡಿಯಲ್ಲಿ ಯಾರೂ ಇರಲಿಲ್ಲ. ಎದೆಯಲ್ಲಿ ಏನೋ ಸಡಿಲವಾಯಿತು, ಸಡಿಲವಾದದ್ದಕ್ಕೇ ಹೆದರಿಕೆಯಾಯಿತು. ನನಗೆ ಬೇಕಾದ ಮಾತನ್ನು, ನನಗೆ ಬೇಕಾದ ಅಳತೆಯಲ್ಲೇ ಬೆಬ್ ತಂದು ಕೈಗಿಟ್ಟಿದ್ದ. ಗಾಳಿಯ ಪಂಪಿನ ವಿಷಯ ನನ್ನನ್ನೂ ಕ್ಲೈವನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ನಿಜ. ಆದರೆ ಅದನ್ನು ಕ್ಲೈವ್ ಕಾಣೆಯಾಗುವ ಮೊದಲೇ ಗೆಳೆಯನಿಗೆ ಹೇಳಿರಬಹುದು. ಸ್ಟೀರಿಂಗನ್ನೂ ಆ ಬೇಸಿಗೆಯಲ್ಲೇ ತಿದ್ದಿರಬಹುದು.

"ಈಗ ಎಲ್ಲಿದಾನೆ?"

"ಹೇಳಲ್ಲ. ಮಾತು ಕೊಟ್ಟಿದೀನಿ."

"ಯಾರಿಗೆ ಹೆದರ್ತಾನೆ ಅವ್ನು?"

"ಅವ್ನ ಕಡೆಯೋರಿಗೇ. ನೀವು ಸಹಿ ಹಾಕಿ. ನಾನು ಹೋಗ್ತೀನಿ. ಯಾರಿಗೂ ಏನೂ..."

ಗೇಟಿನ ಬಳಿ ಇಂಜಿನ್ ನಿಂತ ಸದ್ದಾಯಿತು. ನೀಲಿ ವ್ಯಾನೊಂದರಿಂದ ಕಂದು ಕೋಟಿನ, ಸಣಕಲು ಹೆಂಗಸು ಇಳಿದಳು. ಬಾಗಿಲು ಹಾಕಿ, ಹ್ಯಾಂಡ್‌ಬ್ಯಾಗು ಸರಿಮಾಡಿಕೊಂಡು, ಅವಸರವಿಲ್ಲದೆ ನಡೆದು ಬರುತ್ತಿದ್ದಳು.

ಬೆಬ್‌ನ ಮುಖದ ಬಣ್ಣ ಹೋಯಿತು. "ಅವ್ಳನ್ನ ಕರ್ಸಿದ್ರಾ?"

"ಗುರುತು ಹಿಡಿಯೋಕೆ ಬೇರೆ ಯಾರಿದಾರೆ?"

"ನೀವು ಏನ್ ಮಾಡಿದ್ರಿ ಅಂತ ನಿಮ್ಗೆ ಗೊತ್ತಿಲ್ಲ, ಬೆಡೋಸ್." ದನಿ ಪಿಸುಗುಟ್ಟುವಿಕೆಗೆ ಇಳಿದಿತ್ತು. ಆ ದೊಡ್ಡ ಆಳು ಕಾರಿಗೂ ಶೆಡ್ಡಿನ ಬಾಗಿಲಿಗೂ ನಡುವೆ ಬಂದು ನಿಂತ. ತನ್ನ ಮೈಯಿಂದ ಅದನ್ನು ಮರೆಮಾಡಬಹುದು ಎಂಬಂತೆ.

ಹೆಸ್ಟರ್ ಒಳಗೆ ಬಂದಳು. ನನಗೆ ತಲೆಯಾಡಿಸಿದಳು. ಬೆಬ್ ಎಂಬುವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವನನ್ನು ಸುತ್ತಿಕೊಂಡು ಹೋಗಿ ಕಾರಿನ ಮುಂದೆ ನಿಂತಳು.

ಈ ಚೌಕಟ್ಟನ್ನು ಬೆಸೆಯುವಾಗ ಕೊಳವೆಗಳನ್ನು ಹಿಡಿದುಕೊಂಡಿದ್ದವಳು ಅವಳೇ. ಹಾಗೆಂದು ಹೋದ ವಾರ ನನಗೆ ಹೇಳಿದ್ದಳು. ಒಂದೊಂದು ಬೆಸುಗೆಯೂ ಕಣ್ಣಿಗೆ ಕಟ್ಟಿದೆ ಎಂದಿದ್ದಳು. ಈಗ ಬಗ್ಗಿದಳು. ಚಕ್ರದ ಹಿಂದೆ, ಬಣ್ಣ ತೆಳುವಾಗಿದ್ದ ಒಂದು ಕೂಡುಭಾಗವನ್ನು ಬಹಳ ಹೊತ್ತು ನೋಡಿದಳು. ಕೈಗವಸು ತೆಗೆದು ಬೆರಳ ತುದಿಯಿಂದ ಮುಟ್ಟಿದಳು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅಳುತ್ತಾಳೆ ಎಂದುಕೊಂಡು ನಾನು ಕುರ್ಚಿ ಎಳೆದಿಟ್ಟೆ.

ಅವಳು ನೆಟ್ಟಗೆ ನಿಂತಳು. ಕೈಗವಸು ಹಾಕಿಕೊಂಡಳು, ಬೆರಳು ಬೆರಳಾಗಿ.

"ಇದಲ್ಲ," ಎಂದಳು.

"ಇನ್ನೊಂದ್ಸಲ ನೋಡಿ. ಸೀಟಿನ ಕೆಳಗಿನ ಬೆಸುಗೆನೂ..."

"ನೋಡಿದೆ, ಮಿಸ್ಟರ್ ಬೆಡೋಸ್. ಇದು ನಮ್ಮ ಕ್ಲೈವಂದಲ್ಲ. ಚೆನ್ನಾಗಿ ಕಟ್ಟಿದಾರೆ, ಪಾಸ್ ಮಾಡಿ ಕಳ್ಸಿ ಪಾಪ." ಸಣ್ಣಗೆ ನಕ್ಕಳು. "ನಿಮ್ಗೆ ತೊಂದ್ರೆ ಕೊಟ್ಟೆ."

ಹನ್ನೆರಡೂ ಮುಕ್ಕಾಲು. ಸಹಿಯ ಕಾಗದ ಆಫೀಸಿನ ಮೇಜಿನ ಮೇಲಿತ್ತು. ಪಾಸಿಗೊಂದು ಚೌಕ, ಫೇಲಿಗೊಂದು ಚೌಕ. ನಾನು ಆ ಕಡೆ ನಡೆದೆ. ಬಾಗಿಲು ದಾಟಿದವನು ಅಲ್ಲೇ, ಗೋಡೆಯ ಈಚೆ ನಿಂತೆ. ತಗಡಿನ ಶೆಡ್ಡಿನಲ್ಲಿ ಪಿಸುಮಾತೂ ಪೂರ್ತಿ ಕೇಳುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಮೊದಲು ಚಾವಣಿಯ ಟಕ್ ಟಕ್. ಆಮೇಲೆ ಹೆಸ್ಟರಳ ದನಿ, ಮಕ್ಕಳನ್ನು ಗದರುವವರ ತಾಳ್ಮೆಯ ದನಿ.

"ಕಾರನ್ನೂ ಅವ್ನ ಜೊತೆಗೇ ಹೂತು ಹಾಕಿದೀನಿ ಅಂದಿದ್ಯಲ್ಲ, ಡೆಸ್."

ಬೆಬ್ ಒಂದು ಹೆಜ್ಜೆ ಸರಿದ ಸದ್ದಾಯಿತು.

"ಅವ್ನನ್ನೂ ಹೂತಿಲ್ಲ, ಹೆಸ್ಟರ್," ಎಂದ.